ಸಹನಟ ಒನ್ಸ್ ಮೋರ್ ಹಾಡಿದ್ದಕ್ಕೆ ಹೀರೋಯಿನ್ ಸ್ಟೇಜಿಗೇ ನುಗ್ಗಿ ಜಗಳ, ತಪ್ಪು ಯಾರ್ದು?

ರಾತ್ರಿಪಾಳಿ:
ಮೊದ್ಲೇ ಹೇಳ್ಬಿಡ್ತೀನಿ, ಒಪೆರಾ (ಹಾಡಿನಲ್ಲೇ ಕಥೆ ನಡೆಯೋ ಪಾಶ್ಚಾತ್ಯ ನಾಟಕ) ಬಗ್ಗೆ ನಂಗೆ ಗೊತ್ತಿರೋದು ಅಷ್ಟಕ್ಕಷ್ಟೆ. ನೈಟ್ ಶಿಫ್ಟಲ್ಲಿ ನಿದ್ದೆ ತಡಿಯೋಕೆ ಇಟಲಿಯ ಒಪೆರಾ ಗಾಯಕ ಪವರೊಟ್ಟಿ ಹಾಡು ಕೇಳ್ತಾ ಕೇಳ್ತಾ ಅಂಟಿಕೊಂಡ ಚಟ. ಮೊನ್ನೆ ಹಂಗೇ ಒಂದರಿಂದ ಇನ್ನೊಂದಕ್ಕೆ ಹೋಗ್ತಾ ದಕ್ಷಿಣ ಕೊರಿಯಾದ ಸೋಲ್ ನಗರದ ಗಲಾಟೆ ಬಗ್ಗೆ ಓದ್ದೆ. 2024ರ ಸೆಪ್ಟೆಂಬರ್, ಸೇಜಾಂಗ್ ಸೆಂಟರಲ್ಲಿ ಪುಚ್ಚಿನಿಯ ಟೋಸ್ಕಾ ಅನ್ನೋ ಒಪೆರಾ, ಹೀರೋಯಿನ್ ಆಂಜೆಲಾ ಗಿಯೋರ್ಗಿಯು, ಎದುರಿಗೆ ಕೊರಿಯಾದವ್ರೇ ಆದ ಟೆನರ್ (ಎತ್ತರದ ದನಿಯ ಗಂಡು ಗಾಯಕ) ಆಲ್ಫ್ರೆಡ್ ಕಿಮ್. ಮೂರನೇ ಅಂಕದಲ್ಲಿ ಆತ ಒಂದು ಹಾಡು ಹಾಡ್ದ, ಜನ ಚಪ್ಪಾಳೆ ನಿಲ್ಲಿಸ್ಲೇ ಇಲ್ಲ, ಸರಿ ಅಂತ ಇನ್ನೊಂದ್ ಸಲ ಶುರು ಮಾಡ್ದ, ಅಷ್ಟ್ರಲ್ಲಿ ಆಯಮ್ಮ ಸೀದಾ ಸ್ಟೇಜ್ ಮೇಲೆ ಬಂದು ಕೈ ಬೀಸಿ, ಹಾಡು ಮುಗಿದ ಮೇಲೆ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಕಡೆ ತಿರುಗಿ ಇದು ನಾಟಕ, ಸಂಗೀತ ಕಚೇರಿ ಅಲ್ಲ, ನಂಗೂ ಸ್ವಲ್ಪ ಮರ್ಯಾದೆ ಕೊಡಿ ಅನ್ನೋ ಅರ್ಥದಲ್ಲಿ ಜೋರು ಮಾಡಿದ್ರಂತೆ. ಕೊನೇಲಿ ಎಲ್ರೂ ನಮಸ್ಕಾರ ಮಾಡೋಕೆ ಬರ್ತಾರಲ್ಲ, ಆಗ ಜನ ಬೂ ಅಂತ ಕೂಗಿದ್ದಕ್ಕೆ ಹಂಗೇ ತಿರುಗಿ ಒಳಗೆ ಹೋಗಿದ್ದಾರೆ. ಸಂಸ್ಥೆಯವ್ರು ಕ್ಷಮೆ ಕೇಳ್ಬೇಕು ಅಂದ್ರೆ, ಇವರ ಕಡೆಯವ್ರು ಒನ್ಸ್ ಮೋರ್ ಇಲ್ಲ ಅಂತ ಮೊದ್ಲೇ ಮಾತಾಗಿತ್ತು ಅಂದ್ರು.

ನನ್ ಪ್ರಶ್ನೆ ಇಷ್ಟೆ. ಚೆನ್ನಾಗಿ ಹಾಡ್ದಾಗ ಜನ ಇನ್ನೊಂದ್ ಸಲ ಕೇಳೋದು ತಪ್ಪಾ? ಇದಕ್ಕೆ ಅಷ್ಟು ಸಿಟ್ಟು ಯಾಕೆ?

ಹಾರ್ಮೋನಿಯಂ ಮೊಮ್ಮಗ:
ಗುರೂ ನಮ್ ತುಮಕೂರ್ ಕಡೆ ಬಂದು ಈ ಪ್ರಶ್ನೆ ಕೇಳಿದ್ರೆ ನಗ್ತಾರೆ. ನಮ್ ತಾತ ಊರೂರು ತಿರುಗಿ ಹಳ್ಳಿ ನಾಟಕಕ್ಕೆ ಹಾರ್ಮೋನಿಯಂ ನುಡಿಸ್ತಿದ್ರು, ಒನ್ಸ್ ಮೋರ್ ಬೀಳದೇ ಇದ್ರೆ ಆ ಪಾತ್ರಧಾರಿ ಬೆಳಗ್ಗೆ ಮುಖ ಮುಚ್ಕೊಂಡು ಊರು ಬಿಡೋದು ಅಂತಿದ್ರು. ಕುರುಕ್ಷೇತ್ರದಲ್ಲಿ ಕರ್ಣ ಸತ್ತು ಬಿದ್ದಿದ್ರೂ ಎದ್ದು ಪಂಚೆ ಸರಿಮಾಡ್ಕೊಂಡು ಕಂದ ಹಾಡಿ ಮತ್ತೆ ಅದೇ ಜಾಗದಲ್ಲಿ ಸಾಯ್ತಿದ್ದ, ಕೃಷ್ಣನ ಪಾರ್ಟಿನವನು ಪಕ್ಕದಲ್ಲಿ ನಿಂತು ಬೀಡಿಗೆ ಹೋಗ್ಬರ್ಲಾ ಅಂತ ಸನ್ನೆ ಮಾಡ್ತಿದ್ದ. ಮಧ್ಯೆ ಮೈಕಲ್ಲಿ ಯಾರೋ ಐದು ರೂಪಾಯಿ ಬಹುಮಾನ ಕೊಟ್ಟಿದ್ದಾರೆ ಅಂತ ಅನೌನ್ಸ್ ಬೇರೆ. ದುಡ್ಡು ಕೊಟ್ಟು ಬಂದಿರೋನು ಕೇಳ್ತಾನೆ, ಹಾಡಿದ್ರೆ ಏನು ಗಂಟು ಹೋಗುತ್ತೆ? ಆಯಮ್ಮಂದು ಹೊಟ್ಟೆಕಿಚ್ಚು ಅಷ್ಟೆ. ತನಗೆ ಬೀಳ್ಲಿಲ್ಲ, ಅವನಿಗೆ ಬಿತ್ತು.

ಡ್ಯಾನ್ಯೂಬ್ ದಂಡೆ:
ಹೊಟ್ಟೆಕಿಚ್ಚು ಅಂತ ಸುಲಭಕ್ಕೆ ಹೇಳ್ಬೇಡಿ ಅಣ್ಣ, ಆದ್ರೆ ಇದು ಅವರಿಗೆ ಮೊದಲ್ನೇ ಸಲ ಅಲ್ಲ ಅನ್ನೋದೂ ನಿಜ 😄 ನಾನು ವಿಯೆನ್ನಾಲಿ ಇರೋದು. ಇಲ್ಲಿನ ಒಪೆರಾ ಥಿಯೇಟರ್ ಸ್ಟಾಟ್ಸ್ ಒಪೆರಲ್ಲೇ 2016ರ ಏಪ್ರಿಲ್‌ನಲ್ಲಿ ಅದೇ ಟೋಸ್ಕಾ, ಅದೇ ಹಾಡು, ಅದೇ ಆಯಮ್ಮ. ಟೆನರ್ ಯೋನಾಸ್ ಕೌಫ್‌ಮನ್. ಅವರು ಎರಡನೇ ಸಲ ಹಾಡಿ ಮುಗಿಸಿದ್ರು, ಆರ್ಕೆಸ್ಟ್ರಾ ಟೋಸ್ಕಾ ಬರೋ ಮ್ಯೂಸಿಕ್ ನುಡಿಸ್ತು, ಟೋಸ್ಕಾನೇ ಇಲ್ಲ! ಕೌಫ್‌ಮನ್ ಏನ್ ಮಾಡಿದ್ರು ಗೊತ್ತಾ, ನಮ್ ಹತ್ರ ಸೊಪ್ರಾನೋ (ಎತ್ತರದ ದನಿಯ ಗಾಯಕಿ, ಅಂದ್ರೆ ಹೀರೋಯಿನ್) ಇಲ್ಲ ಅಂತ ಇಟಾಲಿಯನ್‌ನಲ್ಲೇ ರಾಗವಾಗಿ ಹಾಡ್ಬಿಟ್ರು, ಇಡೀ ಹಾಲ್ ನಕ್ಕಿದ್ದೇ ನಕ್ಕಿದ್ದು. ಆಗ ನಿಂತು ನೋಡೋ ಟಿಕೆಟ್ ಬರೀ ಮೂರ್ನಾಲ್ಕು ಯೂರೋ, ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿದ್ರೆ ಆಯ್ತು. ಅಂಥಾದ್ರಲ್ಲೂ ಅವತ್ತು ಮನೇಲೇ ಕೂತಿದ್ದೆ, ಹೊಟ್ಟೆಕಿಚ್ಚು ಅಂದ್ರೆ ಅದು ನಂದು.

ಆದ್ರೆ ವಿಷಯ ಇರೋದು ಆ ಹಾಡಲ್ಲಿ. ಎ ಲುಚೆವಾನ್ ಲೆ ಸ್ಟೆಲ್ಲೆ ಅಂತ. ರೋಮ್‌ನ ಕೋಟೆ ಮೇಲೆ, ಬೆಳಗಿನ ಜಾವ, ಟೋಸ್ಕಾಳ ಪ್ರಿಯಕರ, ಚಿತ್ರಕಾರ ಕವರಡೋಸ್ಸಿಗೆ (ಟೆನರ್ ಹಾಡೋ ಪಾತ್ರ) ಗುಂಡಿಕ್ಕೋಕೆ ಇನ್ನೊಂದೇ ಗಂಟೆ ಬಾಕಿ. ಟೋಸ್ಕಾಗೆ ಕೊನೇ ಕಾಗದ ಬರೆಯೋಕೆ ಕೂತು, ಬರೆಯೋಕಾಗದೆ ಹಳೇದೆಲ್ಲಾ ನೆನಪಾಗುತ್ತೆ, ಕ್ಲಾರಿನೆಟ್ ಒಂದೇ ಮೆಲ್ಲಗೆ ಶುರು ಮಾಡುತ್ತೆ, ಬದುಕಿನ ಮೇಲೆ ಯಾವತ್ತೂ ಇಷ್ಟು ಆಸೆ ಇರ್ಲಿಲ್ಲ ಅಂತ ಅಳ್ತಾ ಮುಗಿಸ್ತಾನೆ. ಅಂಥವನು ಎದ್ದು ನಿಂತು ನಗ್ತಾ ಕೈಮುಗಿದು, ಮತ್ತೆ ಮೊದಲ್ನಿಂದ ಅದೇ ಅಳು ಅತ್ರೆ ಹೇಗಿರುತ್ತೆ? ಹಾಡು ಮುಗಿದ ತಕ್ಷಣ ಟೋಸ್ಕಾ ಓಡಿ ಬರ್ಬೇಕು, ಆಕೆ ಆಗ್ತಾನೇ ಒಬ್ಬನ್ನ ಕೊಂದು ಬಂದಿರ್ತಾಳೆ, ಆ ಮೂಡಲ್ಲಿ ಸೈಡ್ ವಿಂಗಲ್ಲಿ ನಿಂತಿರೋ ನಟಿಗೆ ಇನ್ನೂ ಮೂರ್ನಾಲ್ಕು ನಿಮಿಷ ಕಾಯಮ್ಮಾ ಅಂದ್ರೆ?

ಹಾಗಂತ ಒಪೆರಾದಲ್ಲಿ ಒನ್ಸ್ ಮೋರೇ ಇಲ್ಲ ಅಂತಲ್ಲ. ಪುಚ್ಚಿನಿಗೂ ಹಿಂದಿನ ಸಂಗೀತಗಾರ ಡೊನಿಜೆಟ್ಟಿ ಕಾಲದ ಒಪೆರಾಗಳಲ್ಲಿ ಹಾಡು ಮುಗೀತು, ಚಪ್ಪಾಳೆ, ಆಮೇಲೆ ಕಥೆ, ನಿಮ್ ಕಂಪನಿ ನಾಟಕದ ಥರಾನೇ. 2007ರಲ್ಲಿ ಹ್ವಾನ್ ಡಿಯೇಗೋ ಫ್ಲೋರೆಸ್ ಅನ್ನೋ ಟೆನರ್ ಒಂಬತ್ತು ಹೈ ಸಿ (ತುಂಬಾ ಎತ್ತರದ ಸ್ವರ) ಇರೋ ಹಾಡನ್ನ ಮಿಲಾನ್‌ನ ಲಾ ಸ್ಕಾಲಾದಲ್ಲಿ ಎರಡು ಸಲ ಹಾಡಿದ್ರು, ಅಂದ್ರೆ ಹದಿನೆಂಟು. 1933ರಲ್ಲಿ ರಷ್ಯಾದ ಗಾಯಕ ಶಾಲಿಯಾಪಿನ್ ಆದ್ಮೇಲೆ ಅಲ್ಲಿ ಒಬ್ಬ ಗಾಯಕ ಒನ್ಸ್ ಮೋರ್ ಹಾಡಿದ್ದು ಅದೇ ಮೊದಲು, 74 ವರ್ಷ! ಅದೇ ಲಾ ಸ್ಕಾಲಾನ 1903ರಲ್ಲಿ ಜನ ಒನ್ಸ್ ಮೋರ್ ಗಲಾಟೆ ಮಾಡಿದ್ರು ಅಂತ ಕಂಡಕ್ಟರ್ ಟೋಸ್ಕನಿನಿ ಬಿಟ್ಟು ಹೊರಟೇಬಿಟ್ಟಿದ್ರು. ಅದಕ್ಕೂ ಹಿಂದೆ ನಮ್ಮೂರಲ್ಲಿ (ವಿಯೆನ್ನಾನ ನಮ್ಮೂರು ಅಂತಿದೀನಿ ನೋಡಿ) 1792ರಲ್ಲಿ ಚಿಮರೋಸಾ ಅನ್ನೋ ಸಂಗೀತಗಾರನ ಒಂದು ಹೊಸ ಒಪೆರಾ ನೋಡಿ ದೊರೆ ಲಿಯೋಪೋಲ್ಡ್ ಎಷ್ಟು ಖುಷಿಯಾದ ಅಂದ್ರೆ, ಎಲ್ರಿಗೂ ಊಟ ಹಾಕ್ಸಿ ಇಡೀ ಒಪೆರಾನೇ ಅದೇ ರಾತ್ರಿ ಇನ್ನೊಂದ್ ಸಲ ಆಡ್ಸಿದ ಅನ್ನೋ ಕಥೆ ಇದೆ.

ಹಾರ್ಮೋನಿಯಂ ಮೊಮ್ಮಗ:
ಊಟ ಹಾಕ್ಸಿ ಒನ್ಸ್ ಮೋರ್! ದೊರೆ ಅಂದ್ರೆ ಅವನು ಕಣಮ್ಮ 🙏

ಹುಬ್ಬಳ್ಳಿ ಮಿರ್ಚಿ:
ಏನ್ರೀಪಾ, ಎಲ್ಲಾರೂ ಆಕೀದು ತಪ್ಪೋ ಆತಂದು ತಪ್ಪೋ ಅಂತ ಹೊಡದಾಡಾಕತ್ತೀರಿ, ಕೋಲು ಹಿಡಕೊಂಡು ಕೆಳಗ ನಿಂತಾವನ್ನ ಯಾರೂ ಕೇಳವಲ್ರಿ. ಕಂಡಕ್ಟರ್ ಕೈ ಎತ್ತಲಿಲ್ಲಂದ್ರ ಆರ್ಕೆಸ್ಟ್ರಾ ಒಂದು ಸ್ವರಾನೂ ಬಾರ್ಸಂಗಿಲ್ಲ, ಟೆನರ್ ಒಬ್ಬಾಂವ ನಿಂತು ಏನ್ ಹಾಡ್ತಾನ? ನಮ್ಮ ಕಡೆ ಪೇಟಿ ಮಾಸ್ತರ ಸುಮ್ಮ ಕುಂತ ಅಂದ್ರ ಎಂಥಾ ನಟನೂ ಬಾಯಿ ಮುಚ್ಚೋದನ. ಒನ್ಸ್ ಮೋರ್ ಇಲ್ಲ ಅಂತ ಮಾತಾಗಿತ್ತು ಅಂತ ಆಕೀ ಕಡೆಯವ್ರು ಹೇಳೋದು ಖರೇ ಇದ್ರ ಮಾತು ಮುರದಾಂವ ಕಂಡಕ್ಟರ್, ಖರೇ ಇಲ್ಲಂದ್ರೂ ವಿಂಗಿನ್ಯಾಗ ನಿಂತಾಕೀನ್ನ ಒಂದು ಮಾತು ಕೇಳಬೇಕಿತ್ತು.

2008ರಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಅಂದ್ರ ಮೆಟ್‌ನ್ಯಾಗ ಇದ ಫ್ಲೋರೆಸ್ ಮತ್ತ ಆ ಹೈ ಸಿ ಹಾಡು ಎರಡು ಸಲ ಹಾಡಿದ್ರಲ್ಲ, ಅದು ಆ ಹೊತ್ತಿನ ಹುಕಿ ಅಲ್ಲರಿ, ಮ್ಯಾನೇಜರ್ ಪೀಟರ್ ಗೆಲ್ಬ್ ಮೊದಲ ಒಪ್ಪಿಗಿ ಕೊಟ್ಟಿದ್ರು. ಜನರಿಗೆ ಮಾತ್ರ ಸರ್‌ಪ್ರೈಸು. ಮೆಟ್‌ನ್ಯಾಗ ಅದಕ್ಕಿಂತ ಹಿಂದಿನ ಒನ್ಸ್ ಮೋರ್ ಯಾರ್ದು ಅಂತೀರಿ? 1994, ಪವರೊಟ್ಟಿ, ಇದ ಟೋಸ್ಕಾ, ಇದ ಹಾಡು. ಈ ಹಾಡಿಗೆ ಏನೋ ಶಾಪ ಐತಿ ಬಿಡ್ರಿ.

ಆದ್ರ ಒಂದು ಮಾತು. ಎಷ್ಟ ಸಿಟ್ಟು ಬಂದ್ರೂ ಆಟ ನಡದಾಗ ಹೊರಗ ಬಂದು ಜಗಳಾ ತಗೀಬಾರದಿತ್ರಿ. ಆತ ನಾಟಕಾ ಕೆಡಿಸಿದಾ ಅಂತ ಹೇಳಾಕ ಬಂದಾಕಿ ಉಳದದ್ದನ್ನೂ ತಾನ ಕೆಡಿಸಿದಂಗಾತು. ವಿಯೆನ್ನಾದಾಗ ಮಾಡಿದ್ದ ಪಾಡಿತ್ತು, ಬರೋದ ಇಲ್ಲ ಅಂತ ಒಳಗ ಕುಂತಿದ್ರ ಜನ ನಕ್ಕು ಬಿಡ್ತಿದ್ರು.

ಡ್ಯಾನ್ಯೂಬ್ ದಂಡೆ:
@ಹುಬ್ಬಳ್ಳಿ ಮಿರ್ಚಿ ಕಂಡಕ್ಟರ್ ವಿಷಯ ನೂರಕ್ಕೆ ನೂರು ಒಪ್ದೆ, ನಂಗೆ ಹೊಳೆದೇ ಇರ್ಲಿಲ್ಲ. ಇನ್ನೊಂದು ಮಜಾ ನೋಡಿ, ಕಥೇಲಿ ಟೋಸ್ಕಾ ಅನ್ನೋಳೂ ಒಪೆರಾ ಗಾಯಕಿನೇ, ಭಯಂಕರ ಅನುಮಾನದ ಸ್ವಭಾವ, ಕವರಡೋಸ್ಸಿ ತನ್ನ ಚಿತ್ರದಲ್ಲಿ ಬೇರೆ ಹೆಣ್ಣಿನ ಕಣ್ಣು ಬರೆದ ಅಂತ ಚರ್ಚಲ್ಲೇ ರಂಪ ಮಾಡೋಳು. ಸೋಲ್‌ನಲ್ಲಿ ಕೆಲವ್ರಾದ್ರೂ ಇದೂ ನಾಟಕದಲ್ಲೇ ಇದೆ ಅನ್ಕೊಂಡಿರ್ಬೇಕು.

ರಾತ್ರಿಪಾಳಿ:
ಎಲ್ರಿಗೂ ಥ್ಯಾಂಕ್ಸ್. ನಾನು ಮೊದ್ಲು ಟೆನರ್ ಪರ ಇದ್ದೆ, ಡ್ಯಾನ್ಯೂಬ್ ಅಕ್ಕ ಬರೆದಿದ್ದು ಓದಿ ಸೊಪ್ರಾನೋ ಪರ ಆದೆ, ಈಗ ಕಂಡಕ್ಟರ್ ಮೇಲೆ ಸಿಟ್ಟು ಬರ್ತಿದೆ. ನಿನ್ನೆ ಶಿಫ್ಟಲ್ಲಿ ಆ ಹಾಡನ್ನ ಕಥೆ ಗೊತ್ತಿಟ್ಕೊಂಡು ಕೇಳ್ದೆ, ಕ್ಲಾರಿನೆಟ್ ಬಂದಾಗ್ಲೇ ಮೈ ಜುಮ್ ಅಂತು. ಮುಗಿದ ಮೇಲೆ ಏನ್ ಮಾಡ್ದೆ ಅಂತ ಕೇಳ್ಬೇಡಿ, ರಿಪೀಟ್ ಒತ್ತಿದೀನಿ, ಐದು ಸಲ.