ಅಪ್‌ಡೇಟ್: ಹಳೆಯ ಪುಸ್ತಕದಲ್ಲಿ ಸಿಕ್ಕ ಭಾವಚಿತ್ರ ಮೂಲ ಮುದ್ರಣವೇ?

ಸೆಕೆಂಡ್ ಹ್ಯಾಂಡ್ ಪುಸ್ತಕವೊಂದರಲ್ಲಿ ಅಂಟಿಸಿದ್ದ ಭಾವಚಿತ್ರವು ಲೋಹದ ಫಲಕವನ್ನು ಕೈಯಿಂದ ಕೆತ್ತಿ ಅಚ್ಚೊತ್ತಿದ್ದೋ ಅಥವಾ ಆಮೇಲಿನ ಫೋಟೊ ಪ್ರತಿಯೋ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಈಗ ಉತ್ತರ ಸಿಕ್ಕಿದೆ.

ಕಾಗದ ಹಳದಿಯಾಗಿದೆಯೇ ನೋಡಿ ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದ ಮರದ ತಿರುಳಿನ ಕಾಗದವು ಅದಕ್ಕೂ ಹಿಂದಿನ ಚಿಂದಿಬಟ್ಟೆಯ ಕಾಗದಕ್ಕಿಂತ ಬೇಗ ಬಣ್ಣಗೆಡುವುದರಿಂದ ಬಣ್ಣವನ್ನು ನೋಡಿ ವಯಸ್ಸು ಹೇಳಲಾಗದು. ಚಿತ್ರದ ಸುತ್ತ ಫಲಕ ಒತ್ತಿದ ಗುರುತು ಇದ್ದರೂ ಅದೊಂದನ್ನೇ ನಂಬುವಂತಿಲ್ಲ, ಏಕೆಂದರೆ ಫೋಟೊವನ್ನು ಲೋಹದ ಫಲಕಕ್ಕೆ ಇಳಿಸಿ ಅಚ್ಚೊತ್ತುವ ಫೋಟೊಗ್ರಾವ್ಯೂರ್ ಮುದ್ರಣಗಳಲ್ಲೂ ಅದು ಇರುತ್ತದೆ.

ಕೊನೆಗೆ ಕೈಹಿಡಿದದ್ದು 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಸಲಹೆ. ಅದನ್ನು ಕೊಟ್ಟವರಿಗೆ ಮನಃಪೂರ್ವಕ ಕೃತಜ್ಞತೆಗಳು. ಮುಖದ ಭಾಗದಲ್ಲಿ ಬರೀ ಚುಕ್ಕೆಗಳು ಕಂಡಾಗ, ಚುಕ್ಕೆಯೆಂದರೆ ಹಾಫ್‌ಟೋನ್ (ಫೋಟೊವನ್ನು ಚುಕ್ಕೆಗಳಾಗಿ ಒಡೆದು ಅಚ್ಚೊತ್ತುವ ವಿಧಾನ) ಎಂದೇ ತಿಳಿದಿದ್ದ ನನಗೆ ತುಂಬ ನಿರಾಶೆಯಾಯಿತು. ಆದರೆ ಹಾಫ್‌ಟೋನ್ ಚುಕ್ಕೆಗಳು ಜಾಲರಿಯಂತೆ ಸಮ ಅಂತರದಲ್ಲಿ ಕೂತಿರುತ್ತವೆ. ಇಲ್ಲಿನವು ಅಳತೆಯಲ್ಲೂ ಅಂತರದಲ್ಲೂ ಏರುಪೇರಾಗಿದ್ದು, ಕೆನ್ನೆಯ ನೆರಳಿನತ್ತ ದಟ್ಟವಾಗುತ್ತ, ಅಂಗಿಯ ಮೇಲೆ ಮೊನಚಾದ ಗೀರುಗಳಾಗಿ ಮುಂದುವರಿದಿದ್ದವು. ಇದು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜನಪ್ರಿಯವಾದ ಸ್ಟಿಪಲ್ ಕೆತ್ತನೆಯ, ಅಂದರೆ ಲೋಹದ ಫಲಕದ ಮೇಲೆ ಕೈಯಿಂದ ಚುಕ್ಕೆಗಳನ್ನಿಟ್ಟು ಚಿತ್ರ ಮೂಡಿಸುವ ವಿಧಾನದ ಲಕ್ಷಣ. ಚಿತ್ರದ ಕೆಳಗೆ ಎಡಕ್ಕೆ 'ಪಿಂಕ್ಸಿಟ್' (ಲ್ಯಾಟಿನ್‌ನಲ್ಲಿ 'ಚಿತ್ರಿಸಿದನು') ಎಂಬ ಪದದೊಂದಿಗೆ ವರ್ಣಚಿತ್ರಕಾರನ ಹೆಸರೂ, ಬಲಕ್ಕೆ 'ಸ್ಕಲ್ಪ್‌ಸಿಟ್' ('ಕೆತ್ತಿದನು') ಎಂಬ ಪದದೊಂದಿಗೆ ಕೆತ್ತಿದವನ ಹೆಸರೂ ಇವೆ.

ನಾನು ನಿರೀಕ್ಷಿಸದೇ ಇದ್ದದ್ದೆಂದರೆ, ಈ ಚಿತ್ರ ಆ ಪುಸ್ತಕದ್ದೇ ಅಲ್ಲ. 1769ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಪಾದ್ರಿ ಜೇಮ್ಸ್ ಗ್ರೇಂಜರ್ ಅವರ ಇಂಗ್ಲೆಂಡಿನ ಗಣ್ಯರ ಜೀವನಚರಿತ್ರೆಯ ಕೃತಿಯ ನಂತರ ಓದುಗರು ಬೇರೆಡೆಯ ಭಾವಚಿತ್ರಗಳನ್ನು ತಂದು ತಮ್ಮ ಪುಸ್ತಕಗಳಿಗೆ ಸೇರಿಸುವ ಹವ್ಯಾಸ ಬೆಳೆಯಿತಂತೆ. ಹಿಂದಿನ ಓದುಗರೊಬ್ಬರ ಕೈಗುರುತು ಅದಾಗಿರುವುದರಿಂದ ಚಿತ್ರವನ್ನು ಬಿಡಿಸದೆ, ಎದುರು ಪುಟಕ್ಕೆ ಆಮ್ಲರಹಿತ ಕಾಗದವನ್ನಷ್ಟೇ ಇಟ್ಟಿದ್ದೇನೆ.