ಕನ್ನಡ ಮಾಧ್ಯಮದಿಂದ ಕ್ಲ್ಯಾಟ್ ಪರೀಕ್ಷೆಗೆ: ಗಡಿನಾಡಿನವರ ಅನುಭವ ಹಂಚಿಕೆ

ಕೋರಿಕೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ತಂದೆಯವರಿಂದ

ನನ್ನ ಮಗಳು ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಈಗ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಹ್ಯುಮಾನಿಟೀಸ್ ವಿಭಾಗದಲ್ಲಿದ್ದಾಳೆ. ಪ್ಲಸ್ ಟು ಮುಗಿದೊಡನೆ ಐದು ವರ್ಷದ ಕಾನೂನು ಪದವಿಗೆ ಸೇರಬೇಕೆಂಬುದು ಅವಳ ಹಟ. ನಮ್ಮ ಕುಟುಂಬದಲ್ಲಾಗಲಿ ನೆರೆಕರೆಯಲ್ಲಾಗಲಿ ಆ ದಾರಿಯಲ್ಲಿ ಹೋದವರು ಯಾರೂ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆಗೆ ಹೇಗೆ ಸಿದ್ಧಳಾಗಬೇಕು? ಮಂಗಳೂರಿಗೋ ಕಣ್ಣೂರಿಗೋ ಹೋಗಿ ಕೋಚಿಂಗ್ ಪಡೆಯುವುದು ಅನಿವಾರ್ಯವೇ? ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಬೆಂಗಳೂರಿನ ಕಾನೂನು ಶಾಲೆಯಲ್ಲಿ ನಮಗೆ ಮೀಸಲಾತಿ ಏನಾದರೂ ಉಂಟೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕುಂಬಳೆ ಮೂಲದ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರ ಎರಡನೆಯ ವರ್ಷದ ವಿದ್ಯಾರ್ಥಿನಿ

ಮಾನ್ಯರೇ, ನಾನೂ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ಮೊದಲ ಸಲ ಬರೆದಾಗ ಸೀಟು ಸಿಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು ಓದಿ ಎರಡನೆಯ ಸಲಕ್ಕೆ ಸೇರಿದೆ. ಆ ಎರಡು ಸಲಗಳ ನಡುವೆ ಬದಲಾದದ್ದು ನನ್ನ ಕಾನೂನಿನ ತಿಳಿವಳಿಕೆಯಲ್ಲ, ಓದುವ ವೇಗ.

ಈಗಿನ ಕ್ಲ್ಯಾಟ್‌ನಲ್ಲಿ 120 ಪ್ರಶ್ನೆಗಳಿಗೆ 120 ನಿಮಿಷ. ಸರಿಯುತ್ತರಕ್ಕೆ 1 ಅಂಕ, ತಪ್ಪಿದರೆ 0.25 ಅಂಕ ಕಡಿತ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ವಿಭಾಗಗಳಿಂದ ತಲಾ 28 ರಿಂದ 32, ಇಂಗ್ಲಿಷ್ ಮತ್ತು ತರ್ಕ ವಿಭಾಗಗಳಿಂದ ತಲಾ 22 ರಿಂದ 26, ಗಣಿತದಿಂದ 10 ರಿಂದ 14 ಪ್ರಶ್ನೆಗಳು ಬರುತ್ತವೆ. ಬಿಡಿ ಪ್ರಶ್ನೆ ಎಂಬುದೇ ಇಲ್ಲ. ಎಲ್ಲವೂ ಒಂದೊಂದು ಗದ್ಯಭಾಗಕ್ಕೆ ಕಟ್ಟಿಕೊಂಡು ಬರುತ್ತವೆ, ಒಂದೊಂದು ಗದ್ಯಭಾಗವೂ ಸುಮಾರು 450 ಪದಗಳವರೆಗೆ ಇರುತ್ತದೆ. ಕೂಡಿಸಿ ನೋಡಿದರೆ ಪ್ರಶ್ನೆ ಮತ್ತು ಆಯ್ಕೆಗಳನ್ನು ಬಿಟ್ಟು ಗದ್ಯವೇ ಹತ್ತು ಸಾವಿರ ಪದಗಳ ಹತ್ತಿರ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ ಮಾತ್ರ. ನಾನು ಮೊದಲ ಸಲ ಮನೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿದಾಗ ಎರಡು ಗಂಟೆ ಮುಗಿಯುವಷ್ಟರಲ್ಲಿ 67ನೆಯ ಪ್ರಶ್ನೆಯಲ್ಲಿದ್ದೆ. ಉತ್ತರಿಸಿದವುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು, ಆದರೆ ಓದದೆ ಬಿಟ್ಟ ಪುಟಗಳಿಗೆ ಅಂಕ ಕೊಡುವವರು ಯಾರು?

ನಮ್ಮಂಥವರ ಓದು ನಿಧಾನವಾಗುವುದು ಪದಗಳು ಗೊತ್ತಿಲ್ಲದ್ದರಿಂದ ಎಂದು ನಾನು ಬಹಳ ಕಾಲ ತಿಳಿದಿದ್ದೆ, ಅದಕ್ಕಾಗಿ ಪದಪಟ್ಟಿಗಳನ್ನು ಬಾಯಿಪಾಠ ಮಾಡಿ ಆರು ತಿಂಗಳು ಕಳೆದೆ. ನಿಜವಾದ ಕಾರಣ ಮನಸ್ಸಿನೊಳಗೆ ನಡೆಯುವ ಅನುವಾದವಾಗಿತ್ತು. ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿಕೊಂಡ ಮೇಲೆಯೇ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ. ಇದನ್ನು ಬಿಡಿಸಿದ್ದು ಒಂದು ಸರಳ ಅಭ್ಯಾಸ. ಬೆಳಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ಮುಖ್ಯ ಸುದ್ದಿಯನ್ನು ಪೂರ್ತಿಯಾಗಿ ಓದಿ, ಅದೇ ವಿಷಯದ ಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ಸಂಪಾದಕೀಯವನ್ನು ಆಮೇಲೆ ಓದುವುದು. ವಿಷಯ ಮೊದಲೇ ತಲೆಯಲ್ಲಿರುವುದರಿಂದ ತಿರುಗಿಸಿಕೊಳ್ಳುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಓದಿ ಮುಗಿಸಿದೊಡನೆ ಪತ್ರಿಕೆಯನ್ನು ಮಡಚಿಟ್ಟು, ಬರೆದವರ ನಿಲುವೇನು, ಅದಕ್ಕೆ ಅವರು ಕೊಟ್ಟ ಕಾರಣವೇನು, ಅವರು ಉತ್ತರಿಸದೆ ಬಿಟ್ಟ ಆಕ್ಷೇಪವೇನು ಎಂಬುದನ್ನು ಮೂರೇ ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ತರ್ಕ ವಿಭಾಗದಲ್ಲಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ನಾಲ್ಕು ತಿಂಗಳ ಬಳಿಕ ಕನ್ನಡ ಪತ್ರಿಕೆಯ ಊರುಗೋಲಿಲ್ಲದೆ ನಡೆಯಲು ಬಂತು.

ಕಾನೂನು ತರ್ಕದ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲವಿದೆ ಎಂಬುದು ನನ್ನ ಅಭಿಪ್ರಾಯ. ವೇಷವಿಲ್ಲದೆ ಹಾಡು ಮತ್ತು ಮಾತಿನಲ್ಲಿಯೇ ನಡೆಯುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ಕೌರವನ ಪಾತ್ರದ ಅರ್ಥ (ಮಾತು) ಹೇಳುವವರು ಎಷ್ಟೇ ದೊಡ್ಡ ವಿದ್ವಾಂಸರಾದರೂ ಭಾಗವತರು ಹಾಡಿದ ಪದ್ಯದ ಚೌಕಟ್ಟನ್ನು ಮೀರಿ ಸಂಧಿಗೆ ಒಪ್ಪುವಂತಿಲ್ಲ. ಇಲ್ಲಿ ಆ ಪದ್ಯದ ಸ್ಥಾನದಲ್ಲಿ ಗದ್ಯಭಾಗದಲ್ಲಿ ಕೊಟ್ಟ ಕಾನೂನಿನ ತತ್ತ್ವವಿರುತ್ತದೆ. ಅಪ್ರಾಪ್ತ ವಯಸ್ಕರು ಮಾಡಿಕೊಂಡ ಕರಾರು ಶೂನ್ಯ ಎಂದು ತತ್ತ್ವ ಹೇಳಿದೆ ಎನ್ನಿ, 17 ವರ್ಷದ ಹುಡುಗನೊಬ್ಬ ವಯಸ್ಸು ಮುಚ್ಚಿಟ್ಟು ಸಾಲ ಪಡೆದಿದ್ದಾನೆ ಎನ್ನಿ. ಮೋಸ ಮಾಡಿದವನು ಹಣ ತೆರಬೇಡವೇ ಎಂದು ನಮ್ಮ ಮನಸ್ಸು ಹೇಳುತ್ತದೆ, ಆಯ್ಕೆಗಳಲ್ಲಿ ಒಂದು ಆ ಮನಸ್ಸಿಗಾಗಿಯೇ ಇಟ್ಟದ್ದಾಗಿರುತ್ತದೆ. ಕೊಟ್ಟ ತತ್ತ್ವದೊಳಗೆ ನಿಂತು ನೋಡಿದರೆ ಕರಾರು ಶೂನ್ಯವೇ. 1903 ರಲ್ಲಿ ಪ್ರಿವಿ ಕೌನ್ಸಿಲ್ ಮೋಹೊರಿ ಬೀಬಿ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಆದರೆ ಆ ಪ್ರಕರಣ ಗೊತ್ತಿರಬೇಕಾದ ಅಗತ್ಯ ಪರೀಕ್ಷೆಯಲ್ಲಿಲ್ಲ.

ಗಣಿತ ಹತ್ತನೆಯ ತರಗತಿಯ ಮಟ್ಟದ್ದು: ಶೇಕಡಾವಾರು, ಅನುಪಾತ, ನಕ್ಷೆಗಳು. ಹ್ಯುಮಾನಿಟೀಸ್‌ನವರು ಅದನ್ನು ಬಿಟ್ಟುಬಿಡುವುದುಂಟು, ಬಿಡಬಾರದು.

ಕೋಚಿಂಗ್ ಕುರಿತು: ಮೊದಲ ಪ್ರಯತ್ನದಲ್ಲಿ ನಗರದ ಒಂದು ಸಂಸ್ಥೆಗೆ ವಾರದ ಕೊನೆಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿ ಕಾನೂನಿನ ಲ್ಯಾಟಿನ್ ಪದಗಳನ್ನು ಉರು ಹೊಡೆಸಿದರೇ ವಿನಾ ಒಂದು ಗದ್ಯಭಾಗವನ್ನೂ ಗಡಿಯಾರ ಹಿಡಿದು ಓದಿಸಲಿಲ್ಲ. ಎರಡನೆಯ ವರ್ಷ ಆನ್‌ಲೈನ್ ಮಾಕ್ ಟೆಸ್ಟ್‌ಗಳನ್ನು ಮಾತ್ರ ಖರೀದಿಸಿದೆ. ಹಿಂದಿನ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲಿಯೇ ಸಿಗುತ್ತವೆ. ಅವುಗಳನ್ನು ಮುದ್ರಿಸಿಕೊಂಡು ಒಎಂಆರ್ ಹಾಳೆಯ ಮೇಲೆ ಪೆನ್ನಿನಿಂದಲೇ ಗುರುತು ಹಾಕಿ ಅಭ್ಯಾಸ ಮಾಡಲಿ, ಏಕೆಂದರೆ ಪರೀಕ್ಷೆ ಕಾಗದದ ಮೇಲೆ ನಡೆಯುತ್ತದೆ, ವೃತ್ತ ತುಂಬಿಸಲು ಹಿಡಿಯುವ ನಿಮಿಷಗಳು ಮೊಬೈಲಿನಲ್ಲಿ ಬಿಡಿಸುವವರ ಲೆಕ್ಕಕ್ಕೆ ಬರುವುದೇ ಇಲ್ಲ. ಖಚಿತವಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಡುವುದು ಒಳ್ಳೆಯದು.

ಪೆರ್ಲದ ಗಣಿತ ಅಧ್ಯಾಪಕರೊಬ್ಬರು

ಮೇಲಿನ ಕೊನೆಯ ವಾಕ್ಯಕ್ಕೆ ಒಂದು ತಿದ್ದುಪಡಿ. ನಾಲ್ಕು ಆಯ್ಕೆಗಳಿರುವ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿಯಲ್ಲಿ ಕಾಲು ಅಂಕ ಬರುತ್ತದೆ, ಅಂಕದ 0.1875 ಭಾಗ ಹೋಗುತ್ತದೆ. ಅಂದರೆ ನಷ್ಟವಿಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಎಂದು ತಳ್ಳಿಹಾಕಲು ಸಾಧ್ಯವಾದರೆ ಸರಾಸರಿ ಲಾಭ 0.17 ರಷ್ಟಾಗುತ್ತದೆ, ಎರಡನ್ನು ತಳ್ಳಿಹಾಕಿದರೆ 0.375. ಗದ್ಯಭಾಗವನ್ನು ಓದಿದ ಮೇಲೆ ಒಂದು ಆಯ್ಕೆಯನ್ನಾದರೂ ತಳ್ಳಿಹಾಕಲಾಗದ ಪ್ರಶ್ನೆ ಅಪರೂಪ. ಆದ್ದರಿಂದ ಓದಿದ ಪ್ರಶ್ನೆಯನ್ನು ಖಾಲಿ ಬಿಡುವುದು ಲೆಕ್ಕದ ದೃಷ್ಟಿಯಿಂದ ಸರಿಯಲ್ಲ.

ಕಾಸರಗೋಡಿನ ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲರು

ನಾನು 2014 ರಲ್ಲಿ ಕ್ಲ್ಯಾಟ್ ಬರೆದು ಸೀಟು ಸಿಗದೆ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಪದವಿ ಮುಗಿಸಿ, ಬಳಿಕ ದಕ್ಷಿಣ ಕನ್ನಡದ ಕಾಲೇಜೊಂದರಲ್ಲಿ ಪದವಿಯ ಅಂಕದ ಆಧಾರದ ಮೇಲೆಯೇ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದವನು. ಆ ದಾರಿ ಈಗಲೂ ತೆರೆದಿದೆ ಎಂಬುದನ್ನು ಮಗಳಿಗೆ ಇವತ್ತೇ ಹೇಳಬೇಕಾಗಿಲ್ಲ, ತಂದೆಯವರಿಗೆ ಗೊತ್ತಿದ್ದರೆ ಸಾಕು.

ನನ್ನ ಕಾಲದ ಪರೀಕ್ಷೆಯೇ ಬೇರೆ: 200 ಬಿಡಿ ಪ್ರಶ್ನೆಗಳು, ಅದರಲ್ಲಿ 50 ಸಾಮಾನ್ಯ ಜ್ಞಾನ. 2020 ರಲ್ಲಿ ಗದ್ಯಭಾಗಗಳ ಮಾದರಿ ಬಂದು ಪ್ರಶ್ನೆಗಳು 150 ಕ್ಕಿಳಿದವು, ಆಮೇಲೆ 120 ಕ್ಕೆ. ಆದ್ದರಿಂದ ಯಾರಾದರೂ ಪ್ರೀತಿಯಿಂದ ಹಳೆಯ ಗೈಡ್‌ಗಳ ಕಟ್ಟನ್ನು ತಂದುಕೊಟ್ಟರೆ ಕೃತಜ್ಞತೆಯಿಂದ ತೆಗೆದುಕೊಂಡು ಅಟ್ಟಕ್ಕೆ ಹಾಕಿ. ಅವುಗಳಲ್ಲಿರುವ ಭಾರತೀಯ ದಂಡ ಸಂಹಿತೆಯ ಕಲಮುಗಳ ಪಟ್ಟಿಗೂ ಈಗ ಬೆಲೆಯಿಲ್ಲ, 2024 ರ ಜುಲೈ 1 ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಕಾನೂನು ಜ್ಞಾನ ಬೇಡವೆಂದು ಆ ವಿದ್ಯಾರ್ಥಿನಿ ಹೇಳಿದ್ದು ಸರಿ, ಆದರೆ ಹಿನ್ನೆಲೆ ಗೊತ್ತಿದ್ದರೆ ಗದ್ಯಭಾಗ ಅರ್ಧ ಹೊತ್ತಿನಲ್ಲಿ ಓದಿಸಿಕೊಳ್ಳುತ್ತದೆ. ಆ ಹಿನ್ನೆಲೆಯನ್ನು ದಿಲ್ಲಿಯಲ್ಲಿ ಹುಡುಕುವ ಅಗತ್ಯ ನಮ್ಮ ಜಿಲ್ಲೆಯವರಿಗಿಲ್ಲ. ಭೂಸುಧಾರಣೆಯ ವಿರುದ್ಧ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು 1970 ರಲ್ಲಿ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಆಲಿಸಿ, 1973 ರ ಏಪ್ರಿಲ್ 24 ರಂದು 7-6 ರ ಬಹುಮತದಲ್ಲಿ, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ತಿದ್ದುಪಡಿಯಿಂದ ನಾಶ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಮಠಕ್ಕೆ ಭೂಮಿ ಮರಳಲಿಲ್ಲ, ದೇಶಕ್ಕೆ ತತ್ತ್ವ ಸಿಕ್ಕಿತು. ಹಾಗೆಯೇ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 2000 ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು, 2011 ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017 ರಲ್ಲಿ ಆದೇಶಿಸಿದ್ದು ನಿಮ್ಮ ಮಗಳಿಗೆ ಗೊತ್ತಿರಲೇಬೇಕು. ಅಪಾಯಕಾರಿ ವಸ್ತುವನ್ನು ಬಳಸುವವರು ತಮ್ಮ ತಪ್ಪಿಲ್ಲದಿದ್ದರೂ ಹಾನಿಗೆ ಹೊಣೆಯಾಗುವರೇ ಎಂಬ ಪ್ರಶ್ನೆಯನ್ನು 1985 ರ ದಿಲ್ಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಿಂದ ಕಲಿಸುತ್ತಾರೆ. ಎಂಡೋಸಲ್ಫಾನಿನ ಹಾನಿಯನ್ನು ನೆರೆಮನೆಯ ಕಥೆಯಾಗಿ ಕೇಳಿದವಳಿಗೆ ಆ ತತ್ತ್ವವನ್ನು ವಿವರಿಸಿ ಹೇಳಬೇಕಾಗುವುದಿಲ್ಲ.

ಇನ್ನೊಂದು ಅಭ್ಯಾಸ: ಸಂವಿಧಾನದ ಕನ್ನಡ ಪಠ್ಯವನ್ನೂ ಇಂಗ್ಲಿಷ್ ಪಠ್ಯವನ್ನೂ ಪಕ್ಕಪಕ್ಕದಲ್ಲಿಟ್ಟು 29, 30 ಮತ್ತು 350ಎ ವಿಧಿಗಳನ್ನು ಓದಿಸಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿ ಸೇರಿದ್ದು 1956 ರ ಏಳನೆಯ ತಿದ್ದುಪಡಿಯಿಂದ, ಅಂದರೆ ಕಾಸರಗೋಡು ಕೇರಳಕ್ಕೆ ಹೋದ ವರ್ಷವೇ. ತನ್ನ ಶಾಲೆಗೆ ಸಂಬಂಧಿಸಿದ ವಿಧಿ ಎಂದು ತಿಳಿದರೆ ಕಾನೂನಿನ ಇಂಗ್ಲಿಷ್ ಅಷ್ಟು ಗಡುಸಾಗಿ ತೋರುವುದಿಲ್ಲ.

ಅಕ್ಕಲಕೋಟೆಯಿಂದ ಒಬ್ಬ ಕಾನೂನು ವಿದ್ಯಾರ್ಥಿ

ನಾವೂ ಗಡಿಯ ಇನ್ನೊಂದು ತುದಿಯ ಕನ್ನಡಿಗರೇ. ಒಂದೇ ಪರೀಕ್ಷೆಯನ್ನು ನಂಬಿ ಕೂರಬೇಡಿ ಎಂದಷ್ಟೇ ಹೇಳಲು ಬರೆಯುತ್ತಿದ್ದೇನೆ. ನಾನು ಕ್ಲ್ಯಾಟ್‌ನೊಂದಿಗೆ ಮಹಾರಾಷ್ಟ್ರದ ಕಾನೂನು ಸಿಇಟಿಯನ್ನೂ ಬರೆದೆ. ಅದು ಇಂಗ್ಲಿಷ್ ಮತ್ತು ಮರಾಠಿಯಲ್ಲಿರುತ್ತದೆ, ತಪ್ಪಿಗೆ ಅಂಕ ಕಡಿತವಿಲ್ಲ, ನಾನೀಗ ಓದುತ್ತಿರುವುದು ಅದರಿಂದ ಸಿಕ್ಕ ಸೀಟಿನಲ್ಲಿ. ಕೇರಳದಲ್ಲಿ ನಿಮಗೆ ಅದರ ಸ್ಥಾನದಲ್ಲಿ ರಾಜ್ಯದ ಕಾನೂನು ಪ್ರವೇಶ ಪರೀಕ್ಷೆ ಇದೆಯಲ್ಲವೇ?

ಮಂಜೇಶ್ವರ ತಾಲೂಕಿನ ಹೈಯರ್ ಸೆಕೆಂಡರಿ ಶಾಲೆಯೊಂದರ ಅಧ್ಯಾಪಿಕೆ

ಇದೆ. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರು ನಡೆಸುವ ಆ ಪರೀಕ್ಷೆಯ ಮೂಲಕ ತಿರುವನಂತಪುರ, ಎರ್ನಾಕುಳಂ, ತೃಶೂರು ಮತ್ತು ಕೋಯಿಕ್ಕೋಡಿನ ಸರ್ಕಾರಿ ಕಾನೂನು ಕಾಲೇಜುಗಳಿಗೆ ಸೇರಬಹುದು. ಕೊಚ್ಚಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವಾದ ನುವಾಲ್ಸ್ ಮಾತ್ರ ಕ್ಲ್ಯಾಟ್ ಅಂಕದ ಮೇಲೆ ತೆಗೆದುಕೊಳ್ಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಎರಡನ್ನೂ ಬರೆಯಲು ಹೇಳುತ್ತೇನೆ.

ಮೀಸಲಾತಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದರಲ್ಲಿ ನಮ್ಮವರು ಪ್ರತಿ ವರ್ಷವೂ ಎಡವುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ. 25 ಸೀಟುಗಳು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಾಗಿರುವುದು ಹೌದು, ಆದರೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿ ಎಂದರೆ ಕರ್ನಾಟಕದೊಳಗಿನ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿದವರು. ಮನೆಮಾತು ಯಾವುದೆಂಬುದು ಅದಕ್ಕೆ ಗಣನೆಯಿಲ್ಲ. ಬದಿಯಡ್ಕದಲ್ಲಿ ಕನ್ನಡದಲ್ಲಿಯೇ ಓದಿದ ಮಗುವಿಗೆ ಅದು ಸಿಗುವುದಿಲ್ಲ, ಗಡಿಯ ಈಚೆ ಮನೆಯಿದ್ದು ತಲಪಾಡಿಯಾಚೆ ಶಾಲೆಗೆ ಹೋದ ಮಗುವಿಗೆ ಸಿಗುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳನ್ನೂ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮುಂತಾದವುಗಳನ್ನೂ ಹೆಸರಿಸಿ ಗಡಿನಾಡ ಕನ್ನಡಿಗರಿಗಾಗಿ ಇರುವ ಅರ್ಹತಾ ಕಲಮನ್ನು ಇದರೊಂದಿಗೆ ಬೆರೆಸಿಕೊಳ್ಳುವುದೇ ಈ ಗೊಂದಲಕ್ಕೆಲ್ಲ ಕಾರಣ. ಈ ನಿಯಮ ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಬೇರೆ ಇದೆ. ಅರ್ಜಿ ತುಂಬಿಸುವಾಗ ಅದು ಉಪಯೋಗಕ್ಕೆ ಬಾರದು.

ಕಾಲದ ಲೆಕ್ಕವನ್ನೂ ಗಮನಿಸಿ. ಮೊದಲು ಬೇಸಿಗೆಯಲ್ಲಿ ನಡೆಯುತ್ತಿದ್ದ ಕ್ಲ್ಯಾಟ್ 2022 ರಿಂದ ಡಿಸೆಂಬರಿಗೆ ಬಂದಿದೆ. ಹಾಗಾಗಿ ಮಗಳು ಪ್ಲಸ್ ಟುವಿನ ನಡುವೆಯೇ ಬರೆಯಬೇಕಾಗುತ್ತದೆ, ಪ್ಲಸ್ ವನ್‌ನ ಬೇಸಿಗೆ ರಜೆಯೇ ಅವಳಿಗೆ ಸಿಗುವ ಉದ್ದದ ಬಿಡುವು. ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಪ್ಲಸ್ ಟುವಿನಲ್ಲಿ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಆಧಾರ್‌ನಲ್ಲಿರುವವೂ ಒಂದೇ ಆಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗುವಾಗ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾಗುವುದು ನಮ್ಮಲ್ಲಿ ಸಾಮಾನ್ಯ, ಕೌನ್ಸೆಲಿಂಗ್ ಸಮಯದಲ್ಲಿ ಅದನ್ನು ತಿದ್ದಿಸಲು ಹೋದರೆ ದಿನಗಳು ಸಾಲುವುದಿಲ್ಲ. ರಾಜ್ಯದ ಪರೀಕ್ಷೆಗೆ ಬೇಕಾಗುವ, ಕೇರಳದವರೆಂದು ತೋರಿಸುವ ನೇಟಿವಿಟಿ ಪ್ರಮಾಣಪತ್ರಕ್ಕೆ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿದರೆ ವಿಲೇಜ್ ಆಫೀಸಿನಿಂದ ಸಿಗುತ್ತದೆ.

ಕೋರಿಕೆ ಸಲ್ಲಿಸಿದ ತಂದೆಯವರು

ಎಲ್ಲರಿಗೂ ಕೃತಜ್ಞತೆಗಳು. ಬೆಂಗಳೂರಿನ ಮೀಸಲಾತಿಯ ಆಸೆಯನ್ನು ಬಿಟ್ಟೆವು. ನಿನ್ನೆ ಸಂಜೆ ಮಗಳು ಒಂದು ಇಂಗ್ಲಿಷ್ ಸಂಪಾದಕೀಯವನ್ನು ಓದಿ ಮುಗಿಸಲು 11 ನಿಮಿಷ ತೆಗೆದುಕೊಂಡಳು. ಆ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ. ಆಧಾರ್‌ನಲ್ಲಿ ಅವಳ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿರುವುದು ಕಂಡುಬಂದಿದೆ, ಸೋಮವಾರ ಅಕ್ಷಯ ಕೇಂದ್ರಕ್ಕೆ ಹೋಗುತ್ತೇವೆ.