ಲೋಲಕದ ಪ್ರಯೋಗ: ಗುರುತ್ವ ವೇಗೋತ್ಕರ್ಷ 9.64 ಯಾಕೆ ಬರ್ತಿದೆ?

ಪ್ರಶ್ನೆ
ಸರಳ ಲೋಲಕದ ದಾರ 90 ಸೆಂ.ಮೀ. ಇದೆ. 20 ಆಂದೋಲನಕ್ಕೆ 38.4 ಸೆಕೆಂಡು, ಅಂದರೆ ಆವರ್ತಕಾಲ 1.92. g = 4π²L/T² ಸೂತ್ರಕ್ಕೆ (g ಗುರುತ್ವ ವೇಗೋತ್ಕರ್ಷ, L ಉದ್ದ, T ಆವರ್ತಕಾಲ) ಹಾಕಿದರೆ 9.64 ಮೀ/ಸೆ² ಬರುತ್ತೆ, 9.8 ಬರ್ತಿಲ್ಲ. ಗುಂಡಿನ ವ್ಯಾಸ 3 ಸೆಂ.ಮೀ. ಹಗುರವಾದ ಗುಂಡು ಹಾಕಿದರೆ ಸರಿಹೋಗುತ್ತಾ?

ಉತ್ತರ 1
ಗುಂಡು ಬದಲಿಸಬೇಡಿ. ಆವರ್ತಕಾಲಕ್ಕೂ ರಾಶಿಗೂ ಸಂಬಂಧವಿಲ್ಲ. ಹಗುರವಾದರೆ ಗಾಳಿಯ ತಡೆಯ ಪ್ರಭಾವವೇ ಹೆಚ್ಚುತ್ತೆ. ತಪ್ಪಿರೋದು ಉದ್ದದಲ್ಲಿ. ತೂಗುಬಿಂದುವಿನಿಂದ ಗುಂಡಿನ ಮಧ್ಯದವರೆಗೆ ಅಳೀಬೇಕು, ಗಂಟಿನವರೆಗಲ್ಲ. ತ್ರಿಜ್ಯ 1.5 ಸೇರಿಸಿ: 91.5 ಸೆಂ.ಮೀ. ಈಗ 4 × 9.87 × 0.915 ÷ 3.686 = 9.80. ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸ್‌ನಲ್ಲೇ ನೋಡಿ, ಸ್ಕೇಲ್ ಸಾಲದು.

ಉತ್ತರ 2
ಎಣಿಕೆಯನ್ನೂ ಒಮ್ಮೆ ನೋಡಿಕೊಳ್ಳಿ. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಅನ್ನಬೇಕು. ‘ಒಂದು’ ಅಂದರೆ ನಿಜಕ್ಕೂ ಆಗೋದು 19 ಆಂದೋಲನ, ಉತ್ತರ 10.86ಕ್ಕೆ ಜಿಗಿಯುತ್ತೆ. ಗುಂಡು ನಡುಗೆರೆ ದಾಟುವಾಗ ಒತ್ತಿ: ಅಲ್ಲಿ ವೇಗ ಗರಿಷ್ಠ, ದಾಟಿದ ಕ್ಷಣ ಸ್ಪಷ್ಟ. ತುದಿಯಲ್ಲಿ ಗುಂಡು ನಿಧಾನವಾಗಿ ತಿರುಗೋದರಿಂದ ಕ್ಷಣ ಹಿಡಿಯೋದು ಕಷ್ಟ. ಕೈ 0.2 ಸೆಕೆಂಡು ತಡವಾದರೂ 38.4ರಲ್ಲಿ ಅದು ಶೇ. 0.5 ಮಾತ್ರ. ಆದರೆ ಆವರ್ತಕಾಲ ವರ್ಗವಾಗುವುದರಿಂದ ಉತ್ತರದಲ್ಲಿ ದೋಷ ಇಮ್ಮಡಿ, ಶೇ. 1.

ಉತ್ತರ 3
ದಾರ ನೇರ ಗೆರೆಯಿಂದ ವಾಲುವ ಕೋನ 10 ಡಿಗ್ರಿ ಮೀರದಿರಲಿ. 30 ಡಿಗ್ರಿಗೆ ಎಳೆದು ಬಿಟ್ಟರೆ ಆವರ್ತಕಾಲ ಸುಮಾರು ಶೇ. 1.7 ಹೆಚ್ಚುತ್ತೆ. ನನ್ನ ಪ್ರಕಾರ ಒಂದೇ ಉದ್ದಕ್ಕೆ ನಿಲ್ಲಬಾರದು. ಐದಾರು ಉದ್ದ ತಗೊಂಡು, ದಾರದ ಉದ್ದಕ್ಕೆ ಆವರ್ತಕಾಲದ ವರ್ಗದ ನಕ್ಷೆ ಎಳೆಯಿರಿ; 39.48 ಅನ್ನು (ಅಂದರೆ 4π²) ಅದರ ಇಳಿಜಾರಿನಿಂದ ಭಾಗಿಸಿ. ತ್ರಿಜ್ಯ ಮರೆತಿದ್ದರೂ ಗೆರೆ ಪಕ್ಕಕ್ಕೆ ಸರಿಯುತ್ತೆ ಅಷ್ಟೆ, ಇಳಿಜಾರು ಬದಲಾಗಲ್ಲ.